ಅಚಲೆ ಚಲಿಸಿದ ಕಥೆ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಭೂಮಿಯ ಹೆಸರುಗಳ ಸಾಲು ನೆನಪಿರುತ್ತದೆ. ಅವುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದು ಇನ್ನೊಂದು. ಕಾಲ ಕೆಳಗಿನ ನೆಲದಷ್ಟು ನಂಬಿಕೆಗೆ ಅರ್ಹವಾದುದು ಬೇರೊಂದಿಲ್ಲವೆಂದು ಮನುಷ್ಯನು ಬಹುಕಾಲದಿಂದ ತಿಳಿದು ಬಂದಿದ್ದಾನೆ. ಮನೆ ಕಟ್ಟುವವನು ತಳಪಾಯ ತೋಡುವುದೂ, ಹೊಲದವನು ಎಲ್ಲೆಕಲ್ಲು ನೆಡುವುದೂ ಆ ನಂಬಿಕೆಯ ಮೇಲೆಯೇ. ಹೊಳೆ ತನ್ನ ಪಾತ್ರವನ್ನು ಬದಲಿಸೀತು. ಕಡಲು ದಡವನ್ನು ಕೊರೆದೀತು. ಆದರೆ ಖಂಡಕ್ಕೆ ಖಂಡವೇ ಎದ್ದು ಪಯಣ ಹೊರಟೀತೆ?

ಒಂದಾನೊಂದು ಕಾಲದಲ್ಲಿ ಬೆಟ್ಟಗಳಿಗೆ ರೆಕ್ಕೆಗಳಿದ್ದುವೆಂದೂ, ಅವು ಮನಬಂದಲ್ಲಿಗೆ ಹಾರುತ್ತಿದ್ದುವೆಂದೂ, ಇಂದ್ರನು ವಜ್ರಾಯುಧದಿಂದ ಅವುಗಳ ರೆಕ್ಕೆಗಳನ್ನು ಕತ್ತರಿಸಿದಾಗ ಮೈನಾಕಪರ್ವತವೊಂದು ಮಾತ್ರ ಕಡಲಿನಲ್ಲಿ ಅಡಗಿ ಉಳಿಯಿತೆಂದೂ ಪುರಾಣ ಹೇಳುತ್ತದೆ. ಅದು ಕಥೆ. ಆದರೆ 1912ರಲ್ಲಿ ಒಬ್ಬ ಜರ್ಮನ್ ಅಧ್ಯಾಪಕನು ವಿದ್ವಾಂಸರ ಸಭೆಯೊಂದರಲ್ಲಿ ಎದ್ದು ನಿಂತು, ಖಂಡಗಳು ಚಲಿಸುತ್ತವೆ ಎಂದು ಗಂಭೀರವಾಗಿ ಹೇಳಿದಾಗ ಅವನ ಮಾತನ್ನೂ ಬಹುಮಂದಿ ಪುರಾಣದ ಸಾಲಿಗೇ ಸೇರಿಸಿದರು. ಅದು ಸತ್ಯವೆಂದು ಲೋಕವು ಒಪ್ಪಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ವೇಳೆಗೆ ಅವನು ಗ್ರೀನ್‌ಲೆಂಡಿನ ಹಿಮರಾಶಿಯಲ್ಲಿ ಮಡಿದು ಮೂವತ್ತು ವರ್ಷಗಳ ಮೇಲಾಗಿತ್ತು.

ಭೂಪಟ ಕಂಡ ಕಣ್ಣು

ಆಲ್‌ಫ್ರೆಡ್ ವೆಗೆನರ್ ಹುಟ್ಟಿದ್ದು 1880ರಲ್ಲಿ, ಬರ್ಲಿನ್ ನಗರದಲ್ಲಿ. ಅವನು ಓದಿದ್ದು ಖಗೋಳಶಾಸ್ತ್ರ. ವೃತ್ತಿಯಾಗಿ ಆರಿಸಿಕೊಂಡದ್ದು ಹವಾಮಾನಶಾಸ್ತ್ರ. 1906ರಲ್ಲಿ ತನ್ನ ಅಣ್ಣ ಕುರ್ಟ್‌ನೊಡನೆ ಬಲೂನಿನಲ್ಲಿ 52 ಗಂಟೆಗಳ ಕಾಲ ಎಡೆಬಿಡದೆ ಆಕಾಶದಲ್ಲಿದ್ದು ಜಗತ್ತಿನ ದಾಖಲೆಯನ್ನು ಮುರಿದ ಸಾಹಸಿ ಅವನು. ಅದೇ ವರ್ಷ ಡೇನಿಷ್ ತಂಡವೊಂದರ ಜೊತೆಯಲ್ಲಿ ಗ್ರೀನ್‌ಲೆಂಡಿಗೆ ಹೋಗಿ ಎರಡು ವರ್ಷ ಅಲ್ಲಿಯ ಹಿಮದಲ್ಲಿ ಕಳೆದು ಬಂದನು. ಅಲ್ಲಿಂದ ಮರಳಿದ ಮೇಲೆ ಮಾರ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳತೊಡಗಿದನು.

1910ರ ಕ್ರಿಸ್‌ಮಸ್ ಹಬ್ಬದಲ್ಲಿ ಅವನ ಸ್ನೇಹಿತನಿಗೆ ಹೊಸ ಭೂಪಟಗಳ ಪುಸ್ತಕವೊಂದು ಉಡುಗೊರೆಯಾಗಿ ಬಂದಿತು. ಅದನ್ನು ತಿರುವಿ ಹಾಕುತ್ತಿದ್ದಾಗ ವೆಗೆನರನ ಕಣ್ಣು ಅಟ್ಲಾಂಟಿಕ್ ಸಾಗರದ ಎರಡು ದಡಗಳ ಮೇಲೆ ನಿಂತಿತು. ದಕ್ಷಿಣ ಅಮೆರಿಕದ ಬ್ರೆಜಿಲ್ ಮುಂದಕ್ಕೆ ಚಾಚಿರುವಲ್ಲಿ ಎದುರಿನ ಆಫ್ರಿಕ ಒಳಕ್ಕೆ ಸರಿದಿದೆ. ನಡುವಿನ ನೀರನ್ನು ತೆಗೆದುಬಿಟ್ಟರೆ ಒಡೆದ ಹಂಚಿನ ಎರಡು ಚೂರುಗಳಂತೆ ಅವು ಒಂದಕ್ಕೊಂದು ಕೂಡಿಕೊಳ್ಳುವಂತಿವೆ. ಆ ವಿಸ್ಮಯವನ್ನು ಅವನು ತನ್ನನ್ನು ಮದುವೆಯಾಗಲಿದ್ದ ಎಲ್ಸ ಕೊಪೆನ್ ಎಂಬಾಕೆಗೆ ಪತ್ರದಲ್ಲಿ ಬರೆದು ತಿಳಿಸಿದನು.

ಈ ಹೋಲಿಕೆಯನ್ನು ಕಂಡವರಲ್ಲಿ ಅವನು ಮೊದಲಿಗನೇನೂ ಅಲ್ಲ. 1596ರಷ್ಟು ಹಿಂದೆಯೇ ಆಂಟ್‌ವರ್ಪಿನ ಭೂಪಟಕಾರ ಅಬ್ರಹಾಂ ಓರ್ಟೆಲಿಯಸ್ ಅದನ್ನು ಗುರುತಿಸಿದ್ದನು. ಆದರೆ ಕಂಡವರೆಲ್ಲರೂ ಕಂಡು ಸುಮ್ಮನಾದರು, ವೆಗೆನರನು ಸುಮ್ಮನಾಗಲಿಲ್ಲ. ಮರುವರ್ಷ ಗ್ರಂಥಾಲಯದಲ್ಲಿ ಅವನ ಕೈಗೆ ಒಂದು ವರದಿ ಸಿಕ್ಕಿತು. ಅಟ್ಲಾಂಟಿಕ್ಕಿನ ಎರಡು ಕಡೆಗಳಲ್ಲಿಯೂ ಒಂದೇ ಜಾತಿಯ ಪ್ರಾಚೀನ ಜೀವಿಗಳ ಪಳೆಯುಳಿಕೆಗಳು ದೊರೆಯುತ್ತವೆಂದು ಅದರಲ್ಲಿ ಬರೆದಿತ್ತು. ಆಗ ಅವನಿಗೆ ತಾನು ಕಂಡದ್ದು ಬರಿಯ ಆಕಸ್ಮಿಕವಲ್ಲವೆಂಬ ಧೈರ್ಯ ಬಂದಿತು. 1912ರ ಜನವರಿ 6ರಂದು ಫ್ರಾಂಕ್‌ಫರ್ಟ್ ನಗರದಲ್ಲಿ ಭೂಶಾಸ್ತ್ರಜ್ಞರ ಮುಂದೆ ತನ್ನ ವಾದವನ್ನು ಮಂಡಿಸಿದಾಗ ಅವನಿಗೆ 31 ವರ್ಷ.

ಅಷ್ಟರಲ್ಲಿ ಮಹಾಯುದ್ಧ ಬಂದಿತು. ಸೈನ್ಯದಲ್ಲಿದ್ದ ವೆಗೆನರನಿಗೆ ಎರಡು ಬಾರಿ ಗಾಯವಾಯಿತು. ಚೇತರಿಸಿಕೊಳ್ಳುತ್ತಿದ್ದ ಆ ಬಿಡುವಿನಲ್ಲಿ ಅವನು ಬರೆದ ‘ಖಂಡಗಳ ಮತ್ತು ಸಾಗರಗಳ ಉತ್ಪತ್ತಿ’ ಎಂಬ ಪುಸ್ತಕ 1915ರಲ್ಲಿ ಹೊರಬಂದಿತು. ಹಿಂದೊಮ್ಮೆ ನೆಲವೆಲ್ಲವೂ ಒಂದೇ ಮಹಾಖಂಡವಾಗಿದ್ದಿತು. ಅದು ಬಿರಿದು, ಚೂರುಗಳಾಗಿ ದೂರ ಸರಿದುದರಿಂದಲೇ ಇಂದಿನ ಖಂಡಗಳೂ ಅವುಗಳ ನಡುವಣ ಸಾಗರಗಳೂ ಉಂಟಾದುವು. ಇದೇ ಅವನ ವಾದದ ತಿರುಳು. ಆ ಮಹಾಖಂಡಕ್ಕೆ ಮುಂದೆ ‘ಪ್ಯಾಂಜಿಯ’ ಎಂಬ ಹೆಸರು ನಿಂತಿತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಸಮಸ್ತ ಭೂಮಿ’ ಎಂದು.

ಮುಳುಗಿದ ಸೇತುವೆಗಳು

ವೆಗೆನರನು ಒದಗಿಸಿದ ಸಾಕ್ಷ್ಯಗಳು ನಾನಾ ಬಗೆಯವು. ‘ಮೆಸೊಸಾರಸ್’ ಎಂಬ ಪುಟ್ಟ ಸರೀಸೃಪದ ಅಸ್ಥಿಗಳು ಬ್ರೆಜಿಲಿನಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ದೊರೆಯುತ್ತವೆ. ಮೀಟರಿಗಿಂತ ಹೆಚ್ಚು ಉದ್ದವಿಲ್ಲದ ಆ ಪ್ರಾಣಿ ಸಾವಿರಾರು ಕಿಲೋಮೀಟರು ಸಾಗರವನ್ನು ಈಜಿ ದಾಟಿತೆಂದು ನಂಬುವುದು ಹೇಗೆ? ‘ಗ್ಲಾಸಾಪ್ಟರಿಸ್’ ಎಂಬ ಗಿಡದ, ನಾಲಗೆಯಾಕಾರದ ಎಲೆಯ ಅಚ್ಚುಗಳು ಭಾರತದ ಕಲ್ಲಿದ್ದಲಿನ ಪದರಗಳಲ್ಲಿವೆ. ಆಸ್ಟ್ರೇಲಿಯದಲ್ಲಿ, ದಕ್ಷಿಣ ಆಫ್ರಿಕದಲ್ಲಿ, ದಕ್ಷಿಣ ಅಮೆರಿಕದಲ್ಲಿಯೂ ಇವೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ ಕ್ಯಾಪ್ಟನ್ ಸ್ಕಾಟನೂ ಅವನ ಸಂಗಡಿಗರೂ ಹಸಿವು ಚಳಿಗಳಿಂದ ಮಡಿದಾಗ, ಅವರ ಬಳಿ ಸುಮಾರು 16 ಕಿಲೋಗ್ರಾಂ ತೂಕದ ಕಲ್ಲುಗಳಿದ್ದುವು. ಸಾಯುವ ಸ್ಥಿತಿಯಲ್ಲಿಯೂ ಅವರು ಎಸೆಯದೆ ಎಳೆದು ತಂದಿದ್ದ ಆ ಕಲ್ಲುಗಳಲ್ಲಿಯೂ ಅದೇ ಎಲೆಯ ಅಚ್ಚು ಕಂಡಿತು. ಇಂದು ಒಂದು ಹುಲ್ಲುಗರಿಯೂ ಬೆಳೆಯದ ಹಿಮದ ನಾಡಿನಲ್ಲಿ ಒಮ್ಮೆ ಕಾಡು ಬೆಳೆದಿತ್ತು!

ಇದಕ್ಕೆ ಪ್ರತಿಯಾಗಿ, ಬಿಸಿಲಿಗೆ ಹೆಸರಾದ ಒಡಿಶಾದ ತಾಲ್ಚೇರಿನಲ್ಲಿ ಹಿಮನದಿಗಳು ತಂದು ಸುರಿದ ಗುಂಡುಕಲ್ಲುಗಳ ಹಾಸು ಇದೆ. ಅಲ್ಲಿ ಹಿಮದ ಕೈವಾಡವಿರಬೇಕೆಂದು ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲ್ಯಾನ್‌ಫರ್ಡ್ ಸಹೋದರರು 1856ರಷ್ಟು ಹಿಂದೆಯೇ ಹೇಳಿದ್ದರು. ದಕ್ಷಿಣದ ಈ ಎಲ್ಲ ನಾಡುಗಳೂ ಒಮ್ಮೆ ಕೂಡಿದ್ದುವೆಂದು ಊಹಿಸಿದ ಆಸ್ಟ್ರಿಯದ ವಿದ್ವಾಂಸ ಎಡ್ವರ್ಡ್ ಸ್ಯೂಸ್, 1885ರಲ್ಲಿ ಆ ಕೂಡುನೆಲಕ್ಕೆ ಹೆಸರನ್ನು ಆಯ್ದುಕೊಂಡದ್ದೂ ಭಾರತದಿಂದಲೇ. ನರ್ಮದೆಯ ತೀರದ ಗೊಂಡ ಜನರ ನಾಡಿನಿಂದ ಶಿಲಾಪದರಗಳಿಗೆ ಬಂದಿದ್ದ ‘ಗೊಂಡ್ವಾನ’ ಎಂಬ ಹೆಸರು ಹೀಗೆ ಜಗತ್ತಿನ ಅರ್ಧದಷ್ಟು ನೆಲಕ್ಕೆ ಹೆಸರಾಯಿತು.

ಆದರೆ ಸ್ಯೂಸನ ಕಾಲದ ವಿದ್ವಾಂಸರ ಎಣಿಕೆಯೇ ಬೇರೆ. ಖಂಡಗಳು ನಿಂತಲ್ಲಿಯೇ ಇದ್ದುವು. ಅವುಗಳ ನಡುವೆ ಭೂಸೇತುವೆಗಳಿದ್ದುವು. ಪ್ರಾಣಿಗಳು ಅವುಗಳ ಮೇಲೆ ನಡೆದು ದಾಟಿದುವು. ಆಮೇಲೆ ಸೇತುವೆಗಳು ಕಡಲಿನಲ್ಲಿ ಮುಳುಗಿದುವು ಎಂದು ಅವರು ಹೇಳುತ್ತಿದ್ದರು. ವೆಗೆನರನು ಇದನ್ನು ಒಪ್ಪಲಿಲ್ಲ. ಖಂಡಗಳ ಕಲ್ಲು ಹಗುರ. ಅವುಗಳ ಅಡಿಯಲ್ಲಿರುವುದು ಭಾರವಾದ ಶಿಲೆ. ಹಗುರವಾದುದು ಭಾರವಾದುದರ ಮೇಲೆ ತೇಲಬೇಕಲ್ಲದೆ ಮುಳುಗಲಾರದು.

ಈ ತೇಲುವಿಕೆಯ ತತ್ತ್ವ ಮೊದಲು ಹೊಳೆದದ್ದೂ ಭಾರತವನ್ನು ಅಳೆಯುವಾಗಲೇ. ಮಹಾ ತ್ರಿಕೋನಮಿತಿ ಸರ್ವೆಯವರು ಹಿಮಾಲಯದ ಕಡೆಯ ಕಲಿಯಾನ ಮತ್ತು ಮಧ್ಯಭಾರತದ ಕಲಿಯಾನಪುರ ಎಂಬ ಎರಡು ಠಾಣ್ಯಗಳ ಅಂತರವನ್ನು ಎರಡು ವಿಧದಲ್ಲಿ ಅಳೆದಾಗ ಲೆಕ್ಕದಲ್ಲಿ 5 ಸೆಕೆಂಡುಗಳಷ್ಟು ಕೋನದ ವ್ಯತ್ಯಾಸ ಬಂದಿತು. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನತ್ತ ಸೆಳೆದಿರಬೇಕೆಂದು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಲೆಕ್ಕ ಹಾಕಿ ನೋಡಿದರೆ, ವ್ಯತ್ಯಾಸ ಸುಮಾರು 15 ಸೆಕೆಂಡುಗಳಷ್ಟು ಇರಬೇಕಾಗಿತ್ತು! ಅಷ್ಟು ದೊಡ್ಡ ಪರ್ವತ ಅಷ್ಟು ಕಡಮೆ ಸೆಳೆಯುವುದೇಕೆ? ಅದರ ಬುಡದಲ್ಲಿ ಹಗುರವಾದ ಕಲ್ಲಿನ ಬೇರು ಆಳಕ್ಕೆ ಇಳಿದು, ನೀರಿನಲ್ಲಿ ಹಿಮಗಡ್ಡೆ ತೇಲುವಂತೆ ಇಡೀ ಪರ್ವತವೇ ತೇಲುತ್ತಿದೆಯೆಂದು ಇಂಗ್ಲೆಂಡಿನ ಜಾರ್ಜ್ ಏರಿ ವಿವರಿಸಿದನು. ಮೇಲೆ ಕೆಳಗೆ ತೇಲಬಲ್ಲದ್ದು ಅಕ್ಕಪಕ್ಕಕ್ಕೂ ಸರಿಯಲಾರದೇಕೆ ಎಂಬುದು ವೆಗೆನರನ ಪ್ರಶ್ನೆ. ಹರಿದ ವೃತ್ತಪತ್ರಿಕೆಯ ಚೂರುಗಳನ್ನು ಅಂಚು ಕೂಡಿಸಿ ಇಟ್ಟಾಗ ಅಕ್ಷರಗಳ ಸಾಲುಗಳೂ ಕೂಡಿ ಬಂದರೆ, ಅವು ಒಂದೇ ಹಾಳೆಯವೆಂದು ಒಪ್ಪಲೇಬೇಕಲ್ಲವೆ ಎಂದು ಅವನು ಕೇಳಿದನು.

ಹಿಮದ ನಡುವೆ

ಲೋಕವು ಒಪ್ಪಲಿಲ್ಲ. 1926ರಲ್ಲಿ ನ್ಯೂಯಾರ್ಕಿನಲ್ಲಿ ಈ ವಿಷಯಕ್ಕಾಗಿಯೇ ಸೇರಿದ ವಿಚಾರಗೋಷ್ಠಿಯಲ್ಲಿ ಬಹುಮಂದಿ ಅವನನ್ನು ಖಂಡಿಸಿದರು. ಈ ವಾದವನ್ನು ಒಪ್ಪುವುದಾದರೆ ಕಳೆದ 70 ವರ್ಷಗಳಲ್ಲಿ ಕಲಿತದ್ದನ್ನೆಲ್ಲ ಮರೆತು ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು ಎಂಬ ಮಾತು ಆ ಚರ್ಚೆಯಲ್ಲಿ ಕೇಳಿಬಂದಿತು. ಆ ಮಾತಿನಲ್ಲಿ ವ್ಯಂಗ್ಯದಷ್ಟೇ ಭಯವೂ ಇತ್ತು.

ಆದರೆ ವಿರೋಧಿಗಳೆಲ್ಲರೂ ಹಠಮಾರಿಗಳೆಂದು ಭಾವಿಸುವುದು ನ್ಯಾಯವಲ್ಲ. ಖಂಡಗಳನ್ನು ನೂಕುವ ಬಲ ಯಾವುದೆಂದು ಅವರು ಕೇಳಿದ ಪ್ರಶ್ನೆಗೆ ವೆಗೆನರನಲ್ಲಿ ತಕ್ಕ ಉತ್ತರವಿರಲಿಲ್ಲ. ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಸೆಳೆತ, ಸೂರ್ಯಚಂದ್ರರ ಆಕರ್ಷಣೆ ಎಂದು ಅವನು ಸೂಚಿಸಿದ ಬಲಗಳು ಆ ಕೆಲಸಕ್ಕೆ ಏನೇನೂ ಸಾಲವೆಂದು ಕೇಂಬ್ರಿಜಿನ ಗಣಿತಜ್ಞ ಹೆರಲ್ಡ್ ಜೆಫ್ರೀಸ್ ಲೆಕ್ಕ ಹಾಕಿ ತೋರಿಸಿದನು. ಆ ಲೆಕ್ಕ ಸರಿಯಾಗಿಯೇ ಇತ್ತು. ಗ್ರೀನ್‌ಲೆಂಡು ವರ್ಷಕ್ಕೆ ಹಲವಾರು ಮೀಟರು ಸರಿಯುತ್ತಿದೆಯೆಂಬ ವೆಗೆನರನ ಅಳತೆಯೂ ತಪ್ಪಾಗಿತ್ತು. ತೀರ್ಮಾನ ನಿಜವಾಗಿದ್ದರೂ ಕಾರಣ ತಪ್ಪಾಗಿರಬಹುದು. ಕಾರಣ ತಪ್ಪೆಂದು ತೋರಿಸಿದವನು ತೀರ್ಮಾನವನ್ನೂ ಸುಳ್ಳೆಂದು ತಿಳಿಯಬಹುದು. ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

1930ರಲ್ಲಿ ವೆಗೆನರನು ಮತ್ತೊಮ್ಮೆ ಗ್ರೀನ್‌ಲೆಂಡಿಗೆ ಹೊರಟನು, ಈ ಬಾರಿ ತಂಡದ ನಾಯಕನಾಗಿ. ಹಿಮಪ್ರಸ್ಥಭೂಮಿಯ ನಡುವೆ, ತೀರದಿಂದ ಸುಮಾರು 400 ಕಿಲೋಮೀಟರು ಒಳಗೆ, ‘ಐಸ್‌ಮಿಟ್ಟೆ’ ಎಂಬ ಠಾಣ್ಯವೊಂದನ್ನು ಹೂಡಲಾಗಿತ್ತು. ಇಬ್ಬರು ವಿಜ್ಞಾನಿಗಳು ಅಲ್ಲಿ ಹಿಮದಲ್ಲಿ ಗುಹೆ ಕೊರೆದು ಚಳಿಗಾಲವನ್ನು ಕಳೆಯಬೇಕಾಗಿತ್ತು. ಅವರಿಗೆ ಆಹಾರವೂ ಎಣ್ಣೆಯೂ ಸಾಕಷ್ಟು ತಲಪಿರಲಿಲ್ಲ. ಸೆಪ್ಟೆಂಬರ್ 21ರಂದು ವೆಗೆನರನು 15 ನಾಯಿಬಂಡಿಗಳೊಡನೆ ತಾನೇ ಹೊರಟನು. ಅವನೊಡನೆ ಫ್ರಿಟ್ಸ್ ಲೋವೆ ಎಂಬ ಸಹೋದ್ಯೋಗಿಯೂ ಗ್ರೀನ್‌ಲೆಂಡಿನ 13 ಮಂದಿ ಸಹಾಯಕರೂ ಇದ್ದರು. ಚಳಿ ಏರಿತು, ಬಿರುಗಾಳಿ ಎದ್ದಿತು, ಸಹಾಯಕರು ಒಬ್ಬೊಬ್ಬರಾಗಿ ಹಿಂದಿರುಗಿದರು. ಕೊನೆಗೆ ಉಳಿದವನು ರಾಸ್ಮುಸ್ ವಿಲ್ಲುಮ್‌ಸೆನ್ ಎಂಬ ತರುಣನೊಬ್ಬನೇ. 40 ದಿನಗಳ ಪ್ರಯಾಣದ ನಂತರ ಅಕ್ಟೋಬರ್ 30ರಂದು ಆ ಮೂವರು ಠಾಣ್ಯವನ್ನು ಮುಟ್ಟಿದಾಗ ಸಾಮಗ್ರಿಯೆಲ್ಲ ದಾರಿಯಲ್ಲಿಯೇ ಉಳಿದಿತ್ತು. ಲೋವೆಯ ಕಾಲ್ಬೆರಳುಗಳು ಚಳಿಗೆ ಸತ್ತುಹೋಗಿದ್ದುವು. ಅವುಗಳನ್ನು ಜೇಬುಚಾಕುವಿನಿಂದ ಕತ್ತರಿಸಬೇಕಾಯಿತು.

ಠಾಣ್ಯದಲ್ಲಿದ್ದ ಆಹಾರ ಐವರಿಗೆ ಸಾಲದು. ಲೋವೆ ನಡೆಯಲಾರನು. ಆದುದರಿಂದ ವೆಗೆನರನೂ ರಾಸ್ಮುಸನೂ ಹಿಂದಿರುಗುವುದೆಂದು ತೀರ್ಮಾನವಾಯಿತು. ನವೆಂಬರ್ 1, ವೆಗೆನರನಿಗೆ 50 ವರ್ಷ ತುಂಬಿದ ದಿನ. ಅಂದು ಬೆಳಗ್ಗೆ ಇಬ್ಬರೂ ಎರಡು ನಾಯಿಬಂಡಿಗಳನ್ನು ಹೂಡಿಕೊಂಡು ಪಶ್ಚಿಮದ ತೀರದತ್ತ ಹೊರಟರು.

ಅವರು ತೀರವನ್ನು ತಲಪಲಿಲ್ಲ. ಮರುವರ್ಷದ ಮೇ 12ರಂದು, ದಾರಿಯ ನಡುವೆ, ಹಿಮದಲ್ಲಿ ನೆಟ್ಟಿದ್ದ ಜಾರುಹಲಗೆಗಳ ಗುರುತಿನಿಂದ ವೆಗೆನರನ ದೇಹ ಪತ್ತೆಯಾಯಿತು. ಮಲಗುಚೀಲದ ಬಟ್ಟೆಯಲ್ಲಿ ಅದನ್ನು ಸುತ್ತಿ, ಹೊಲಿದು, ಭಕ್ತಿಯಿಂದ ಹೂಳಲಾಗಿತ್ತು. ಹಾಗೆ ಹೂಳಿ, ಗುರುತು ನೆಟ್ಟು, ನಾಯಕನ ದಿನಚರಿಯನ್ನು ಎತ್ತಿಕೊಂಡು ಒಬ್ಬಂಟಿಯಾಗಿ ಮುಂದೆ ಸಾಗಿದ ರಾಸ್ಮುಸನು ಏನಾದನೆಂಬುದು ಇಂದಿಗೂ ತಿಳಿಯದು. ಅವನೂ ಸಿಗಲಿಲ್ಲ, ಆ ದಿನಚರಿಯೂ ಸಿಗಲಿಲ್ಲ.

ಕುದಿಯುವ ಗಂಜಿ

ವೆಗೆನರನು ಬಿಟ್ಟುಹೋದ ಪ್ರಶ್ನೆಗೆ ಉತ್ತರ ಆ ವೇಳೆಗಾಗಲೇ ಒಬ್ಬನಿಗೆ ಹೊಳೆದಿತ್ತು. ಬ್ರಿಟನ್ನಿನ ಆರ್ಥರ್ ಹೋಮ್ಸ್ ಶಿಲೆಗಳ ವಯಸ್ಸನ್ನು ಅವುಗಳಲ್ಲಿರುವ ವಿಕಿರಣದ್ರವ್ಯಗಳಿಂದ ಎಣಿಸುವುದರಲ್ಲಿ ನಿಪುಣ. ಅದೇ ದ್ರವ್ಯಗಳು ಭೂಮಿಯ ಒಡಲಿನಲ್ಲಿ ಸತತವಾಗಿ ಶಾಖವನ್ನು ಹುಟ್ಟಿಸುತ್ತವೆಂಬುದೂ ಅವನಿಗೆ ಗೊತ್ತಿತ್ತು. ಒಲೆಯ ಮೇಲಿನ ಗಂಜಿಯನ್ನು ಗಮನಿಸಿದವರಿಗೆ ಹೋಮ್ಸನ ವಾದ ಸುಲಭವಾಗಿ ಅರ್ಥವಾಗುತ್ತದೆ. ತಳದಲ್ಲಿ ಕಾದ ಗಂಜಿ ನಡುವೆ ಮೇಲೇರುತ್ತದೆ. ಮೇಲೆ ಬಂದು ಅಕ್ಕಪಕ್ಕಕ್ಕೆ ಹರಡುತ್ತದೆ. ಆರಿದುದು ಅಂಚಿನಲ್ಲಿ ಕೆಳಕ್ಕಿಳಿಯುತ್ತದೆ. ಮೇಲೆ ಕಟ್ಟಿದ ಕೆನೆ ಆ ಹರಿವಿನೊಡನೆ ತಾನೂ ಸರಿಯುತ್ತದೆ. ಭೂಮಿಯ ಒಳಗಿನ ಬಿಸಿ ಶಿಲೆಯೂ ಹೀಗೆಯೇ, ಆದರೆ ಊಹಿಸಲಾಗದಷ್ಟು ನಿಧಾನವಾಗಿ, ಹರಿಯುತ್ತದೆ. ಖಂಡಗಳು ಆ ಕೆನೆಯಂತೆ ಎಂದು ಹೋಮ್ಸನು 1927ರಲ್ಲಿ ಗ್ಲಾಸ್ಗೋ ನಗರದಲ್ಲಿ ಹೇಳಿದನು. ಆದರೆ ಅದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲದುದರಿಂದ ಅವನ ಮಾತಿಗೂ ಕಿವಿಗೊಟ್ಟವರು ಕಡಮೆ. ದಕ್ಷಿಣ ಆಫ್ರಿಕದ ಅಲೆಕ್ಸಾಂಡರ್ ಡು ಟಾಯ್ಟ್ 1937ರಲ್ಲಿ ಇದೇ ವಿಷಯದ ಮೇಲೆ ಬರೆದ ಗ್ರಂಥವನ್ನು ವೆಗೆನರನ ನೆನಪಿಗೆ ಅರ್ಪಿಸಿದನು. ಪ್ರಮಾಣವಿದ್ದದ್ದು ನೆಲದ ಮೇಲಲ್ಲ, ನೀರಿನ ಕೆಳಗೆ.

ಕಡಲತಳದ ಕಣಿವೆ

ಕಡಲತಳವೆಂದರೆ ಹೂಳು ತುಂಬಿದ ಬಯಲೆಂದೇ ಬಹುಕಾಲ ಜನರ ಭಾವನೆಯಾಗಿತ್ತು. ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಆಳವನ್ನು ನೋಡುತ್ತಿದ್ದ ಕಾಲದಲ್ಲಿ ಇದಕ್ಕಿಂತ ಹೆಚ್ಚು ತಿಳಿಯುವುದು ಸಾಧ್ಯವೂ ಇರಲಿಲ್ಲ. ಹಡಗಿನಿಂದ ಶಬ್ದವನ್ನು ಕಳುಹಿಸಿ, ಅದರ ಮರುದನಿ ಬರುವ ಹೊತ್ತನ್ನು ಎಣಿಸಿ ಆಳವನ್ನು ತಿಳಿಯುವ ಯಂತ್ರ ಬಂದ ಮೇಲೆ ಕಡಲತಳದ ಚಿತ್ರ ಮೂಡತೊಡಗಿತು.

1948ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಕೆಲಸಕ್ಕೆ ಸೇರಿದ ಮೇರಿ ಥಾರ್ಪ್ ಭೂಶಾಸ್ತ್ರ, ಗಣಿತ ಎರಡರಲ್ಲಿಯೂ ಪದವಿ ಪಡೆದವಳು. ಹೆಂಗಸರನ್ನು ಸಂಶೋಧನೆಯ ಹಡಗುಗಳಿಗೆ ಹತ್ತಿಸುವ ವಾಡಿಕೆ ಆಗ ಇರಲಿಲ್ಲ. ಅವಳ ಸಹೋದ್ಯೋಗಿ ಬ್ರೂಸ್ ಹೀಜ಼ನ್ ಕಡಲಿನ ಮೇಲಿಂದ ಅಳತೆಗಳನ್ನು ತರುತ್ತಿದ್ದನು. ಥಾರ್ಪ್ ದಡದಲ್ಲಿ ಮೇಜಿನ ಮುಂದೆ ಕುಳಿತು ಆ ಸಾವಿರಾರು ಅಂಕಿಗಳನ್ನು ಗೆರೆಗಳಾಗಿ ಬಿಡಿಸುತ್ತಿದ್ದಳು. ಅಟ್ಲಾಂಟಿಕ್ಕಿನ ನಡುವೆ ಉತ್ತರ ದಕ್ಷಿಣವಾಗಿ ಪರ್ವತಶ್ರೇಣಿಯೊಂದು ಮಲಗಿದೆಯೆಂಬುದು ಅದಾಗಲೇ ತಿಳಿದಿತ್ತು. ಮೈನಾಕನ ಕಥೆ ಕೇಳಿದವರಿಗೆ ಅದೇನೂ ಅಚ್ಚರಿಯಲ್ಲ! ಅಚ್ಚರಿಯಿದ್ದದ್ದು ಶ್ರೇಣಿಯ ನೆತ್ತಿಯಲ್ಲಿ. ಆರು ಹಡಗುಯಾನಗಳ ಅಳತೆಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ, ನೆತ್ತಿಯ ಮೇಲೆ ಒಂದೇ ನೇರದಲ್ಲಿ ಆಳವಾದ ಸೀಳು ಕಾಣಿಸಿತು. ಅದು ನೆಲ ಬಿರಿದು ಎರಡು ಕಡೆಗೆ ಸರಿಯುತ್ತಿರುವ ಕಣಿವೆಯೆಂದು ಅವಳಿಗೆ ತೋರಿತು.

ಹೀಜ಼ನ್ ಅದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಿದನು. ಅದು ವೆಗೆನರನ ವಾದದಂತೆಯೇ ಕೇಳಿಸುತ್ತದೆಂಬುದು ಅವನ ಆಕ್ಷೇಪಣೆ. ಆ ಕಾಲದಲ್ಲಿ ಅಮೆರಿಕದ ವಿದ್ವಾಂಸರ ನಡುವೆ ಆ ವಾದವನ್ನು ಒಪ್ಪುವುದೆಂದರೆ ಮರ್ಯಾದೆ ಕಳೆದುಕೊಂಡಂತೆಯೇ ಸರಿ. ಥಾರ್ಪ್ ವಾದಿಸುತ್ತ ಕೂರಲಿಲ್ಲ. ಮತ್ತೆ ಲೆಕ್ಕ ನೋಡಿ ಮತ್ತೆ ಬಿಡಿಸಿದಳು. ಅದೇ ಕೋಣೆಯಲ್ಲಿ ಹೋವರ್ಡ್ ಫಾಸ್ಟರ್ ಎಂಬವನು ಸಮುದ್ರದಡಿಯ ಭೂಕಂಪಗಳು ಹುಟ್ಟಿದ ಸ್ಥಳಗಳನ್ನು ಇನ್ನೊಂದು ಭೂಪಟದ ಮೇಲೆ ಗುರುತಿಸುತ್ತಿದ್ದನು. ಎರಡು ಭೂಪಟಗಳನ್ನೂ ಒಂದರ ಮೇಲೊಂದು ಇಟ್ಟು ಕೆಳಗಿನಿಂದ ದೀಪದ ಬೆಳಕು ಹಾಯಿಸಿ ನೋಡಿದರೆ, ಭೂಕಂಪಗಳ ಚುಕ್ಕೆಗಳು ಥಾರ್ಪ್ ಬಿಡಿಸಿದ ಸೀಳಿನೊಳಗೇ ಸಾಲಾಗಿ ಬಂದು ಕುಳಿತಿದ್ದುವು. ಹೀಜ಼ನ್ ಒಪ್ಪಲೇಬೇಕಾಯಿತು. ಅಟ್ಲಾಂಟಿಕ್ಕಿನಲ್ಲಿ ಕಂಡ ಆ ಶ್ರೇಣಿ ಅಲ್ಲಿಗೇ ಮುಗಿಯದೆ ಹಿಂದೂ ಮಹಾಸಾಗರಕ್ಕೂ ಶಾಂತಸಾಗರಕ್ಕೂ ಹಬ್ಬಿ, ಸುಮಾರು 65,000 ಕಿಲೋಮೀಟರು ಉದ್ದವಾಗಿ ಭೂಮಿಯನ್ನು ಸುತ್ತುವರಿದಿದೆ.

ಈ ಸೀಳಿನ ಅರ್ಥವನ್ನು ವಿವರಿಸಿದವನು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಹ್ಯಾರಿ ಹೆಸ್. ಎರಡನೆಯ ಮಹಾಯುದ್ಧದಲ್ಲಿ ನೌಕೆಯೊಂದರ ನಾಯಕನಾಗಿದ್ದಾಗ ಅವನು ಆಳವನ್ನು ಅಳೆಯುವ ಯಂತ್ರವನ್ನು ಸದಾ ನಡೆಸುತ್ತಿದ್ದು, ನೀರಿನಡಿಯ ಚಪ್ಪಟೆ ನೆತ್ತಿಯ ಬೆಟ್ಟಗಳನ್ನು ಕಂಡುಹಿಡಿದಿದ್ದನು. 1962ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ಹೇಳಿದ್ದು ಇಷ್ಟು: ಸೀಳಿನೊಳಗಿಂದ ಶಿಲಾರಸ ಉಕ್ಕಿ ಬಂದು ಹೊಸ ಕಡಲತಳವಾಗಿ ಹೆಪ್ಪುಗಟ್ಟುತ್ತದೆ, ಅದನ್ನು ಎರಡು ಕಡೆಗೂ ತಳ್ಳುತ್ತ ಮತ್ತಷ್ಟು ರಸ ಬರುತ್ತದೆ, ಬಹುದೂರ ಸರಿದು ತಣಿದ ಹಳೆಯ ತಳವು ಕಡಲಿನ ಆಳವಾದ ಕಂದಕಗಳಲ್ಲಿ ಮರಳಿ ಭೂಗರ್ಭಕ್ಕೆ ಇಳಿಯುತ್ತದೆ. ಖಂಡಗಳು ಕಡಲತಳವನ್ನು ಉತ್ತುಕೊಂಡು ಹೋಗುವುದಿಲ್ಲ; ಅದರೊಡನೆಯೇ ಕುಳಿತು ಸಾಗುತ್ತವೆ. ಜೆಫ್ರೀಸನ ಆಕ್ಷೇಪಣೆಗೆ ಇಲ್ಲಿ ಉತ್ತರ ಸಿಕ್ಕಿತು. ಆದರೂ ಹೆಸ್ ತನ್ನ ಲೇಖನವನ್ನು ‘ಭೂಕಾವ್ಯ’ವೆಂದೇ ಕರೆದುಕೊಂಡನು. ಪ್ರಮಾಣ ಇನ್ನೂ ಬರಬೇಕಾಗಿತ್ತು.

ಕಲ್ಲಿನಲ್ಲಿ ಬರೆದ ದಿಕ್ಕು

ಆ ಪ್ರಮಾಣವನ್ನು ಕೊಟ್ಟದ್ದು ಅಯಸ್ಕಾಂತ. ಲಾವಾ ಕಾದು ಹರಿಯುವಾಗ ಅದರಲ್ಲಿರುವ ಕಬ್ಬಿಣದ ಕಣಗಳಿಗೆ ದಿಕ್ಕೆಂಬುದಿಲ್ಲ. ಅದು ಆರುತ್ತ ಬಂದಂತೆ ಆ ಕಣಗಳು ಅಂದಿನ ಉತ್ತರ ದಕ್ಷಿಣಗಳನ್ನು ನೋಡುತ್ತ ನಿಂತುಬಿಡುತ್ತವೆ. ಆವಿಗೆಯಲ್ಲಿ ಬೆಂದ ಮಡಕೆಯಲ್ಲಿಯೂ ಹೀಗೆಯೇ ಆಗುತ್ತದೆ. ದಿಕ್ಕು ಮಾತ್ರವಲ್ಲ, ಆ ಕಣಗಳ ಓರೆಯೂ ಮುಖ್ಯ. ಭೂಮಧ್ಯರೇಖೆಯ ಬಳಿ ಅವು ಅಡ್ಡವಾಗಿ ಮಲಗುತ್ತವೆ. ಧ್ರುವದ ಬಳಿ ನೆಟ್ಟಗೆ ನಿಲ್ಲುತ್ತವೆ. ಆದುದರಿಂದ ಒಂದು ಕಲ್ಲು ತಾನು ಹುಟ್ಟಿದಾಗ ಭೂಮಧ್ಯರೇಖೆಯಿಂದ ಎಷ್ಟು ದೂರವಿದ್ದೆನೆಂಬುದನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ.

ನೊಬೆಲ್ ಬಹುಮಾನ ಪಡೆದ ಪ್ಯಾಟ್ರಿಕ್ ಬ್ಲ್ಯಾಕೆಟ್‌ನ ಲಂಡನ್ ತಂಡದವರು 1950ರ ದಶಕದಲ್ಲಿ ದಖನ್ನಿನ ಲಾವಾಶಿಲೆಗಳನ್ನು ಪರೀಕ್ಷಿಸಿದರು. ಮಹಾರಾಷ್ಟ್ರದಿಂದ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳವರೆಗೆ ಹಬ್ಬಿ, ಎರೆಮಣ್ಣಾಗಿ ಜೋಳ ಬೆಳೆಯುವ ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದುದು. ಅದು ಹುಟ್ಟಿದಾಗ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕೆ ಬಹುದೂರದಲ್ಲಿತ್ತೆಂದು ಅದರ ಕಣಗಳ ಓರೆಯೇ ಹೇಳಿತು! 1956ರಲ್ಲಿ ಪ್ರಕಟವಾದ ಈ ಫಲಿತಾಂಶ ಹಲವರನ್ನು ಮತ್ತೆ ವೆಗೆನರನ ಪುಸ್ತಕದತ್ತ ತಿರುಗಿಸಿತು.

ಭೂಮಿಯ ಕಾಂತದ ದಿಕ್ಕು ಕಾಲಕಾಲಕ್ಕೆ ತಲೆಕೆಳಗಾಗುತ್ತದೆಂಬುದು ಇನ್ನೊಂದು ಸೋಜಿಗ. ಕೊನೆಯ ಬಾರಿ ಹಾಗಾದದ್ದು ಸುಮಾರು 7,80,000 ವರ್ಷಗಳ ಹಿಂದೆ. 1962ರಲ್ಲಿ ಭಾರತ ಮತ್ತು ಆಫ್ರಿಕಗಳ ನಡುವೆ, ಕಡಲಿನಡಿಯ ಕಾರ್ಲ್ಸ್‌ಬರ್ಗ್ ಶ್ರೇಣಿಯ ಮೇಲೆ ‘ಓವನ್’ ಎಂಬ ಹಡಗಿನಿಂದ ಕಾಂತದ ಅಳತೆಗಳನ್ನು ತೆಗೆದರು. ಕೇಂಬ್ರಿಜಿನ ವಿದ್ಯಾರ್ಥಿ ಫ್ರೆಡ್ ವೈನ್ ಮತ್ತು ಅವನ ಗುರು ಡ್ರಮಂಡ್ ಮ್ಯಾಥ್ಯೂಸ್ ಆ ಅಳತೆಗಳ ಮೇಲೆ ಕುಳಿತು ಯೋಚಿಸಿದರು. ಹೆಸ್ ಹೇಳಿದಂತೆ ಹೊಸ ತಳವು ಸೀಳಿನಲ್ಲಿ ಹುಟ್ಟಿ ಎರಡೂ ಕಡೆಗೆ ಸರಿಯುವುದಾದರೆ, ಕಾಂತದ ನೇರು ಮತ್ತು ತಿರುಗುಮುರುಗು ಕಾಲಗಳು ಕಡಲತಳದಲ್ಲಿ ಪಟ್ಟೆಪಟ್ಟೆಯಾಗಿ ಉಳಿದಿರಬೇಕು. ಸೀರೆಯ ಎರಡು ಅಂಚುಗಳಲ್ಲಿ ಒಂದೇ ಪಟ್ಟೆಗಳಿರುವಂತೆ ಸೀಳಿನ ಎರಡು ಪಕ್ಕಗಳಲ್ಲಿಯೂ ಒಂದೇ ಕ್ರಮವಿರಬೇಕು. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ವರ್ಷ ಇದೇ ವಿಚಾರವನ್ನು ಬರೆದು ಕಳುಹಿಸಿದ್ದ ಕೆನಡದ ಲಾರೆನ್ಸ್ ಮಾರ್ಲಿಯ ಲೇಖನವನ್ನು ಎರಡು ಪತ್ರಿಕೆಗಳು ತಿರಸ್ಕರಿಸಿದ್ದುವು. ಮೂರು ವರ್ಷಗಳೊಳಗೆ ದಕ್ಷಿಣ ಶಾಂತಸಾಗರದಲ್ಲಿ ‘ಎಲ್ಟಾನಿನ್’ ಹಡಗು ತಂದ ಅಳತೆಗಳಲ್ಲಿ ಆ ಪಟ್ಟೆಗಳು ಕನ್ನಡಿಯಲ್ಲಿ ಕಂಡಂತೆ ಎರಡು ಪಕ್ಕಗಳಲ್ಲಿಯೂ ಸಮಸಮನಾಗಿ ಮೂಡಿಬಂದುವು. ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

1968ರಲ್ಲಿ ಹೊರಟ ‘ಗ್ಲೋಮರ್ ಚಾಲೆಂಜರ್’ ಹಡಗು ಅಟ್ಲಾಂಟಿಕ್ಕಿನ ತಳವನ್ನು ಕೊರೆದು ನೋಡಿದಾಗ, ಶ್ರೇಣಿಯಿಂದ ದೂರ ಹೋದಂತೆಲ್ಲ ತಳದ ವಯಸ್ಸು ಹೆಚ್ಚುತ್ತ ಹೋಯಿತು. ಹಾಸನ ಜಿಲ್ಲೆಯ ಗೊರೂರಿನ ಬಳಿಯ ಶಿಲೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಮಹಾಸಾಗರಗಳ ತಳದಲ್ಲಾದರೋ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಕ್ಕುವುದೇ ಅಪರೂಪ. ಆದಿಯಿಂದ ಇರುವುದೆಂದು ತಿಳಿದಿದ್ದ ಕಡಲತಳವೇ ಭೂಮಿಯ ಕೂಸು! ಕೆನಡದ ಟೂಜ಼ೋ ವಿಲ್ಸನ್, ಅಮೆರಿಕದ ಜೇಸನ್ ಮಾರ್ಗನ್, ಇಂಗ್ಲೆಂಡಿನ ಡಾನ್ ಮೆಕೆಂಜಿ ಮುಂತಾದವರು 1965ರಿಂದ 1968ರೊಳಗೆ ಈ ಎಲ್ಲ ಎಳೆಗಳನ್ನು ಹೆಣೆದು, ಭೂಮಿಯ ಹೊರಪದರವು ಕೆಲವೇ ದೊಡ್ಡ ಫಲಕಗಳಾಗಿ ಒಡೆದಿದೆ, ಆ ಫಲಕಗಳೇ ಚಲಿಸುತ್ತವೆ ಎಂಬ ಸಿದ್ಧಾಂತವನ್ನು ಕಟ್ಟಿದರು. ಹಿಂದೆ ವಿರೋಧಿಯಾಗಿದ್ದ ವಿಲ್ಸನ್ ಮನಸ್ಸು ಬದಲಿಸಿ ಮುಂದಾಳಾದನು. ಜೆಫ್ರೀಸ್ ಮಾತ್ರ 1989ರಲ್ಲಿ ತೀರಿಕೊಳ್ಳುವವರೆಗೂ ಒಪ್ಪಲಿಲ್ಲ.

ಭಾರತದ ಪಯಣ

ಫಲಕಗಳಲ್ಲೆಲ್ಲ ಅತಿ ವೇಗವಾಗಿ ಓಡಿದವುಗಳಲ್ಲಿ ಭಾರತದ ಫಲಕವೂ ಒಂದು. ಗೊಂಡ್ವಾನದಿಂದ ಬಿಡಿಸಿಕೊಂಡ ಭಾರತ ಬಹುಕಾಲ ಮಡಗಾಸ್ಕರಿನೊಡನೆ ಕೂಡಿಯೇ ಇತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅವೆರಡೂ ಅಗಲಿದುವು. ಆ ಅಗಲಿಕೆಯ ಗುರುತನ್ನು ನೋಡಲು ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಾಕು. ಸೇಂಟ್ ಮೇರೀಸ್ ದ್ವೀಪದಲ್ಲಿ ಬಡಗಿ ಕಡೆದು ನಿಲ್ಲಿಸಿದಂತೆ ತೋರುವ ಬಹುಮುಖದ ಕಲ್ಲುಕಂಬಗಳು ಆ ಕಾಲದಲ್ಲಿ ಉಕ್ಕಿದ ಲಾವಾ ಆರಿ ಬಿರಿದು ಆದಂಥವು. ವಿಹಾರಕ್ಕೆ ಹೋದವರು ಒರಗಿ ನಿಂತು ಚಿತ್ರ ತೆಗೆಸಿಕೊಳ್ಳುವ ಆ ಕಂಬಗಳು ಒಂದು ನೆಲ ಎರಡಾದ ಕಾಲದ ಸಾಕ್ಷಿಗಳು.

ಮುಂದೆ ಭಾರತವು ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ವೇಗದಿಂದ ಉತ್ತರಕ್ಕೆ ಧಾವಿಸಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ಢಿಕ್ಕಿ ಹೊಡೆಯಿತು. ನಡುವೆ ಇದ್ದ ಟೆಥಿಸ್ ಸಾಗರದ ತಳ ಮಡಿಚಿ ಮೇಲೆದ್ದು ಹಿಮಾಲಯವಾಯಿತು. ಎವರೆಸ್ಟಿನ ತುದಿಯ ಸುಣ್ಣಕಲ್ಲಿನಲ್ಲಿ ಇಂದಿಗೂ ಕಡಲಜೀವಿಗಳ ಅವಶೇಷಗಳಿವೆ. ಆ ತಳ್ಳಾಟ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಉಪಗ್ರಹ ಸಂಕೇತಗಳ ಠಾಣ್ಯದ ಅಳತೆಯಂತೆ, ಊರಿಗೆ ಊರೇ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಈಶಾನ್ಯದತ್ತ ಸಾಗುತ್ತಿದೆ. ಈ ಚಲನೆ ಸದ್ದಿಲ್ಲದೆ ನಡೆಯುವುದೇ ಹೆಚ್ಚು. ತಡೆದು ನಿಂತು ಒಮ್ಮೆಲೇ ಜಾರಿದಾಗ ಮಾತ್ರ ಅದರ ಬಲ ತಿಳಿಯುತ್ತದೆ. 2004ರ ಡಿಸೆಂಬರ್ 26ರ ಸುನಾಮಿ, 2015ರ ಏಪ್ರಿಲ್ 25ರ ನೇಪಾಳದ ಭೂಕಂಪ ಇವು ಅಂತಹ ಜಾರುವಿಕೆಗಳೇ. ಯಾವ ದಿನ ನೆಲ ನಡುಗೀತೆಂಬುದನ್ನು ಈ ವಿದ್ಯೆ ಇನ್ನೂ ಹೇಳಲಾರದು. ಎಲ್ಲಿ ನಡುಗೀತು, ಏಕೆ ನಡುಗೀತು ಎಂಬುದನ್ನು ಹೇಳಬಲ್ಲದು. ಎಲ್ಲಿ ಹೇಗೆ ಮನೆ ಕಟ್ಟಬೇಕೆಂಬುದನ್ನು ತಿಳಿಯಲು ಅಷ್ಟು ಸಾಕು.

ವೆಗೆನರನ ದೇಹವನ್ನು ಅವನ ಸಂಗಡಿಗರು ಸಿಕ್ಕಿದಲ್ಲಿಯೇ ಮತ್ತೆ ಹೂಳಿ ಬಂದರು. ಅದರ ಮೇಲೆ ವರ್ಷವರ್ಷವೂ ಹೊಸ ಹಿಮ ಬಿದ್ದು, ಇಂದು ಅದು ಬಹಳ ಆಳದಲ್ಲಿದೆ. ಹಿಮರಾಶಿಯ ನಿಧಾನವಾದ ಹರಿವಿನೊಡನೆ ಕಡಲಿನತ್ತ ಸರಿಯುತ್ತಲೂ ಇದೆ. ಅವನು ತನ್ನ ಐವತ್ತನೆಯ ಹುಟ್ಟುಹಬ್ಬದಂದು ಐಸ್‌ಮಿಟ್ಟೆಯಿಂದ ಹೊರಟ ಮೇಲೆ ಅಟ್ಲಾಂಟಿಕ್ ಸಾಗರವು ಎರಡು ಮೀಟರಿನಷ್ಟು ಅಗಲವಾಗಿದೆ. ಅವನು ಅಂದುಕೊಂಡಷ್ಟು ವೇಗವೇನೂ ಅಲ್ಲ. ಆದರೆ ಅವನು ಹೇಳಿದ ದಿಕ್ಕಿನಲ್ಲಿಯೇ.

ಭೂಮಿಯನ್ನು ‘ಅಚಲಾ’ ಎಂದ ಭಾಷೆಯೇ ಅದನ್ನೊಳಗೊಂಡ ಎಲ್ಲವನ್ನೂ ‘ಜಗತ್ತು’ ಎಂದಿತು. ಆ ಮಾತಿಗೆ ಹೋಗುತ್ತಿರುವುದು ಎಂದು ಅರ್ಥ. ಹಾಗೆ ಹೆಸರಿಟ್ಟವರಿಗೆ ಫಲಕಗಳ ವಿಷಯ ತಿಳಿದಿರಲಿಲ್ಲ. ಆದರೂ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.